ಊಟಕ್ಕೆ ಏಳಿ ಅನ್ನೋರಿಲ್ಲದ ಲೌಂಜು

ಬಿಟ್ಟಿ ಊಟ ಅಂದರೆ ನನಗೆ ಬಹಳ ಇಷ್ಟ. ಕನಕಪುರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು ಇಂಥ ಮಾತನ್ನು ಇಷ್ಟು ಸಲೀಸಾಗಿ ಆಡಬಾರದೇನೋ. ಆದರೆ ಮದುವೆಮನೆಯಲ್ಲಿ ಮೊದಲನೇ ಪಂಕ್ತಿಗೇ ನುಗ್ಗುವ ನನ್ನನ್ನು ನೋಡಿದವರು ಬೇಕಾದಷ್ಟು ಜನ ಇದ್ದಾರೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಹಾಗಾಗಿ ವಿಮಾನ ನಿಲ್ದಾಣದ ಬಿಸಿನೆಸ್ ಕ್ಲಾಸ್ ಲೌಂಜಿನ ಗಾಜಿನ ಬಾಗಿಲು ದಾಟಿದ ಕೂಡಲೇ, ಉದ್ದನೆಯ ಮೇಜಿನ ಮೇಲೆ ಇಡ್ಲಿ, ಉಪ್ಪಿಟ್ಟು, ಮೊಸರನ್ನ, ಕತ್ತರಿಸಿಟ್ಟ ಹಣ್ಣು, ಹೆಸರೇ ಗೊತ್ತಿಲ್ಲದ ತಿನಿಸು ಕಂಡಾಗ, ಇದೆಲ್ಲ ಟಿಕೆಟ್ಟಿನಲ್ಲೇ ಸೇರಿದೆ ಅಂತ ತಿಳಿದಾಗ, ನನ್ನ ಮುಖ ಹೇಗಾಗಿರಬಹುದು ಅಂತ ನೀವೇ ಊಹಿಸಿಕೊಳ್ಳಿ.

ಆದರೆ ನನ್ನ ಜೊತೆ ನಮ್ಮತ್ತೆ ಇದ್ದರು.

ನಮ್ಮತ್ತೆ ನಿಂಗಮ್ಮನವರದು ಹಾರೋಹಳ್ಳಿ. ದೆಹಲಿಯಲ್ಲಿರುವ ನನ್ನ ನಾದಿನಿಗೆ ಹೆರಿಗೆಯಾಗಿತ್ತು. ಬಾಣಂತನ ಮಾಡಲು ತಾಯಿಯೇ ಆಗಬೇಕು, ಬೇರೆ ಯಾರಿಗೂ ಖಾರದ ಪುಡಿಯ ಹದ ಗೊತ್ತಿಲ್ಲ ಎಂದು ಅತ್ತೆ ಹೊರಟು ನಿಂತರು. ಮಂಡಿಗೆ ಆಪರೇಷನ್ ಆಗಿ ಕಾಲು ಮಡಿಸಲಾಗುತ್ತಿರಲಿಲ್ಲ. ಹಾರೋಹಳ್ಳಿಯ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪು ಇಟ್ಟಿರುವ ನನ್ನ ಗಂಡ, "ಅವ್ವ ಕಾಲು ಚಾಚ್ಕೊಂಡು ಹೋಗಲಿ" ಅಂತ ದೊಡ್ಡ ಸೀಟಿನ ಟಿಕೆಟ್ಟನ್ನೇ ಮಾಡಿಸಿದರು. ಅವರನ್ನು ತಲುಪಿಸಿ ಬರುವ ನೆಪದಲ್ಲಿ ನನಗೂ ಒಂದು.

ನಿಲ್ದಾಣ ದೇವನಹಳ್ಳಿಗೆ ಹೋದ ಹೊಸತು. ನಮ್ಮೂರಿಂದ ಅಲ್ಲಿಗೆ ಹೋಗಬೇಕೆಂದರೆ ಬೆಂಗಳೂರನ್ನು ಈ ತುದಿಯಿಂದ ಆ ತುದಿಗೆ ಸೀಳಿಕೊಂಡು ಹೋಗಬೇಕು. ಒಂದು ಲೋಟ ಕಾಫಿ ಕುಡಿದು ಹೊರಟಿದ್ದೆವು. ದಾರಿಗೆಂದು ಕಟ್ಟಿದ್ದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ದೊಡ್ಡ ಬ್ಯಾಗಿಗೆ ಸೇರಿ, ಬ್ಯಾಗು ವಿಮಾನದ ಹೊಟ್ಟೆ ಸೇರಿತ್ತು. ಅತ್ತೆಗೆ ಶುಗರ್ ಬೇರೆ. ಲೌಂಜಿನಲ್ಲಿ ಇಡ್ಲಿ ಕಂಡದ್ದೇ ತಡ, ನಾನು ಧೈರ್ಯವಾಗಿ ಅವರಿಗೆ ಮಾತ್ರೆ ನುಂಗಿಸಿಬಿಟ್ಟೆ.

"ಏಳಿ ಅತ್ತೆ, ತಿಂಡಿ ತಿನ್ನೋಣ."

"ಯಾರ್ ಕರದ್ರು?" ಅಂದರು ಅತ್ತೆ.

ಇಲ್ಲಿ ಯಾರೂ ಕರೆಯೋದಿಲ್ಲ, ನಾವೇ ಹೋಗಿ ಬಡಿಸಿಕೊಳ್ಳಬೇಕು ಅಂತ ವಿವರಿಸಿದೆ. ಅವರು ಸೋಫಾದ ಅಂಚಿನಲ್ಲಿ, ಬೀಗರ ಮನೆಗೆ ಮೊದಲ ಸಲ ಬಂದವರ ಹಾಗೆ ಸೆರಗು ಸರಿಮಾಡಿಕೊಂಡು ಕುಳಿತೇ ಇದ್ದರು. "ಕರೀದೆ ಎದ್ದೋಗಿ ಉಣ್ಣಾಕೆ ನಾವೇನು ಗತಿಗೆಟ್ಟೋರಾ? ನಾ ಒಲ್ಲೆ."

"ನಾನೇ ಕರೀತಿದ್ದೀನಲ್ಲ ಅತ್ತೆ!"

"ನೀನೂ ನನ್ನಂಗೆ ಬಂದೋಳು. ನೀನ್ ಕರದ್ರೆ ಆಯ್ತದಾ? ಮನೆಯೋರು ಕರೀಬೇಕು."

ಈ ಹಟ ನನಗೆ ಹೊಸದಲ್ಲ. ಕೈಗಾರಿಕಾ ಪ್ರದೇಶಕ್ಕೆಂದು ನಮ್ಮ ಹೊಲ ಅಳೆಯಲು ಬಂದವರನ್ನು ಊರಿನವರೆಲ್ಲ ಬೈದು ಅಟ್ಟುತ್ತಿದ್ದಾಗ, ಅತ್ತೆ ಬದುವಿನ ಮೇಲೆ ನಿಂತು, "ಮೊದ್ಲು ಉಣ್ಣಿ ಬನ್ರಪ್ಪ, ಆಮೇಲ್ ಜಗಳ ಆಡಾನ" ಅಂದಿದ್ದರು. ಮುದ್ದೆ, ಸೊಪ್ಪಿನ ಸಾರು ಹೊಟ್ಟೆ ತುಂಬ ಇಕ್ಕಿ, ಕೈ ತೊಳೆಯಲು ನೀರು ಕೊಟ್ಟು, ಹೊತ್ತು ಮುಳುಗುವವರೆಗೂ ಜಗಳವಾಡಿದರು. ಜಮೀನೇನೋ ಹೋಯಿತು. ಆದರೆ ಮನೆಯ ಹಿಂದಿನ ಹಿತ್ತಲು, ಹುಣಿಸೇಮರ ಉಳಿದವು. ಅಲ್ಲೇ ಈಗ ನನ್ನ ಗಂಡನ ವರ್ಕ್‌ಶಾಪು.

ಆ ಜಮೀನಿನಲ್ಲಿ ಎದ್ದ ಕಾರ್ಖಾನೆಯ ಆರಂಭೋತ್ಸವಕ್ಕೆ ನಮಗೂ ಕಾರ್ಡು ಬಂದಿತ್ತು. ಅತ್ತೆ ರೇಷ್ಮೆ ಸೀರೆ ಉಟ್ಟು ಹೋದರು. ಶಾಮಿಯಾನದ ಕೆಳಗೆ ಬಗೆಬಗೆಯ ಅಡುಗೆ, ಜನ ತಟ್ಟೆ ಹಿಡಿದು ಸಾಲು ನಿಂತಿದ್ದರು. "ಬನ್ನಿ" ಅಂತ ಒಬ್ಬರೂ ಅನ್ನಲಿಲ್ಲ. ನಮ್ಮ ಹೊಲವೇ ಆಗಿದ್ದ ಜಾಗದಲ್ಲಿ ಅತ್ತೆ ಸುಮಾರು ಹೊತ್ತು ನಿಂತಿದ್ದು, ಮನೆಗೆ ಬಂದು ತಂಗಳು ಮುದ್ದೆ ಉಂಡು ಮಲಗಿದರು.

ಲೌಂಜ್ ಎನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಬಾಗಿಲಲ್ಲೇ ನಾನು ಯೋಚಿಸಿದ್ದೆ. ಕನ್ನಡ ಟೀಚರುಗಳಿಗೆ ಇದೊಂದು ಕೆರೆತ. ವಿಶ್ರಾಂತಿ ಕೊಠಡಿ ಅಂದರೆ ರೈಲ್ವೆ ಸ್ಟೇಷನ್ನಿನ ವಾಸನೆ ಬರುತ್ತದೆ. ಪಡಸಾಲೆ ಅನ್ನೋಣವೆಂದರೆ ಹಿಂದೆ ಒಂದು ಮನೆ ಇರಬೇಕು. ಅರವಟ್ಟಿಗೆ ಚಂದದ ಮಾತು, ಆದರೆ ಬಿಸಿಲಲ್ಲಿ ಬಾಯಾರಿ ಬಂದವರಿಗೆಲ್ಲ ನೀರು ಕೊಡುವ ಜಾಗ ಅದು. ಇಲ್ಲಿ ಬಾಯಾರದವರಿಗೆ, ಅದೂ ಟಿಕೆಟ್ ನೋಡಿ, ಕೊಡುತ್ತಾರೆ. ಛತ್ರ ಅನ್ನಬಹುದಿತ್ತು. ಆದರೆ ಛತ್ರದಲ್ಲೂ ಹೆಗಲ ಮೇಲೆ ಟವೆಲು ಹಾಕಿಕೊಂಡ ಒಬ್ಬರು "ಎಲೆ ಹಾಕಿದೆ, ಏಳಿ" ಅಂತ ಕೂಗುತ್ತಾರಲ್ಲ! ನಮ್ಮ ಭಾಷೆಯೇ ಹಾಗೆ. ಊಟಕ್ಕೆ ಕೂರುವ ಮುಂಚೆ ಏಳಿಸಬೇಕು. ಯಾರಾದರೂ ಏಳಿಸದೆ ತಾನಾಗಿ ಎದ್ದವನ ಊಟ, ನಮ್ಮತ್ತೆಯ ಲೆಕ್ಕದಲ್ಲಿ, ಊಟವಲ್ಲ, ಮೇವು.

ಎದುರಿಗೆ ಕೋಟು ತೊಟ್ಟ ಒಬ್ಬರು ಮೊಬೈಲಿನಲ್ಲಿ ಯಾರನ್ನೋ ಗದರಿಸುತ್ತಾ ನಿಂತೇ ಇಡ್ಲಿ ನುಂಗುತ್ತಿದ್ದರು. ಅತ್ತೆ ಅವರನ್ನೇ ನೋಡಿ, "ಪಾಪ, ಯಾರ ಮಗನೋ" ಅಂದರು. ಅಷ್ಟರಲ್ಲಿ ಅತ್ತೆಯ ಕೈ ಸಣ್ಣಗೆ ನಡುಗುವುದು ಕಾಣಿಸಿತು. ಹಣೆಯಲ್ಲಿ ಬೆವರು. ಮಾತ್ರೆ ತನ್ನ ಕೆಲಸ ಶುರುಮಾಡಿತ್ತು.

ನನ್ನ ಭಾಷಾಶಾಸ್ತ್ರವೆಲ್ಲ ಹಾರಿಹೋಯಿತು. ಒಂದು ತಟ್ಟೆಯಲ್ಲಿ ಇಡ್ಲಿ ತಂದು ಮುಂದೆ ಹಿಡಿದೆ. ಮುಖ ತಿರುಗಿಸಿದರು. ಜ್ಯೂಸು ತಂದೆ, ಬೇಡ. ಬೈದೆ, ಬೇಡಿಕೊಂಡೆ. ಅವರು ತುಟಿ ಬಿಗಿದು ಕುಳಿತರು. ಸರಿ, ಇವರಿಗೆ ಹಟವಿದ್ದರೆ ಇವರ ಸೊಸೆಗೂ ಇದೆ, ಕರೆಯುವವರನ್ನು ಹಿಡಿದು ತಂದೇ ತರುತ್ತೇನೆ ಅಂತ ಬಾಗಿಲ ಬಳಿಯ ಕೌಂಟರಿಗೆ ಧಾವಿಸಿದೆ.

ಅಲ್ಲಿದ್ದ ಹುಡುಗಿ ನನ್ನ ಗಾಬರಿ ನೋಡಿ ಎದ್ದು ಬಂದಳು. ಅತ್ತೆಯ ಮುಂದೆ ಬಾಗಿ, "ಪ್ಲೀಸ್ ಹೆಲ್ಪ್ ಯುವರ್‌ಸೆಲ್ಫ್, ಮ್ಯಾಮ್" ಅಂದಳು.

"ಏನಂತೆ?" ಅಂದರು ಅತ್ತೆ.

ಗಡಿಬಿಡಿಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. "ನಿಮಗೆ ನೀವೇ ಸಹಾಯ ಮಾಡ್ಕೋಬೇಕಂತೆ."

"ಇವ್ಳ ಸಾಯ ಯಾರ್ ಕೇಳವ್ರೆ?" ಅತ್ತೆ ಕಣ್ಣು ಮುಚ್ಚಿಕೊಂಡರು.

ಹುಡುಗಿಯನ್ನು ಪಕ್ಕಕ್ಕೆ ಕರೆದು ಹೇಳಿದೆ. "ನೋಡಮ್ಮ, ಇವರಿಗೆ ಶುಗರ್ರು. ಮಾತ್ರೆ ನುಂಗಿದ್ದಾರೆ, ಹೊಟ್ಟೆ ಖಾಲಿ. ಮನೆಯವರು ಕರೆಯದೆ ಉಣ್ಣೋದಿಲ್ಲ. ಇಲ್ಲಿ ಮನೆಯವರು ಅಂದರೆ ನೀನೇ. ನಿಮ್ಮಜ್ಜಿ ಮನೆಯಲ್ಲಿ ಹೇಗೆ ಕರೀತಾರೋ ಹಾಗೆ ಕರಿ."

ಹುಡುಗಿ ಒಂದು ಕ್ಷಣ ನನ್ನನ್ನೂ ಬಿಟ್ಟುಬಂದ ಕೌಂಟರನ್ನೂ ನೋಡಿದಳು. ಆಮೇಲೆ ಅತ್ತೆಯ ಹತ್ತಿರ ಹೋಗಿ ನೆಲಕ್ಕೆ ಮಂಡಿಯೂರಿ, "ಅಜ್ಜಿ, ಊಟಕ್ಕೆ ಏಳಿ. ಎರಡು ತುತ್ತು ತಿನ್ನಿ" ಅಂದಳು. ಅಚ್ಚ ಕನ್ನಡ! ನನಗೆ ಹೋದ ಜೀವ ಬಂದ ಹಾಗಾಯಿತು.

ಅತ್ತೆ ಕಣ್ಣು ತೆರೆದು, ನಡುಗುವ ಕೈಯನ್ನೇ ಅಡ್ಡ ಆಡಿಸುತ್ತಾ, "ಅಯ್ಯೋ ಬ್ಯಾಡ ಕಣವ್ವಾ. ಈಗಿನ್ನೂ ಕಾಪಿ ಕುಡ್ಕಂಡ್ ಬಂದಿವ್ನಿ" ಅಂದರು.

ಮೊದಲ ಕರೆಗೆ ಬೇಡ ಅನ್ನುವುದು ನಮ್ಮ ಸೀಮೆಯ ಮರ್ಯಾದೆ. ಅದನ್ನು ಈ ಹುಡುಗಿಗೆ ಹೇಳುವುದನ್ನೇ ಮರೆತಿದ್ದೆ! ಅವಳು "ಓಕೆ" ಅಂತ ಎದ್ದು ಹೊರಟರೆ ಮುಗಿಯಿತು, ಇನ್ನೊಂದು ಸಲ ಬರಲಾರಳು. ಅತ್ತೆಯ ಬೆನ್ನ ಹಿಂದೆ ನಿಂತು ನಾನು ಎರಡೂ ಕೈ ಬೀಸಿ, ಕತ್ತು ಆಡಿಸಿ, ಬಸ್ ನಿಲ್ಲಿಸುವವಳ ಹಾಗೆ ಸನ್ನೆ ಮಾಡಿದೆ. ಕೋಟಿನವರು ಫೋನಿನಲ್ಲಿ ಗದರಿಸುವುದನ್ನು ಬಿಟ್ಟು ನನ್ನನ್ನೇ ನೋಡತೊಡಗಿದರು.

ಹುಡುಗಿ ನನ್ನ ಕಡೆ ನೋಡಲೇ ಇಲ್ಲ. ಅತ್ತೆಯ ಕೈ ಹಿಡಿದಳು. "ಹಾಗಂದ್ರೆ ಹೇಗೆ ಅಜ್ಜಿ? ಮನೆಗೆ ಬಂದು ಬರೀ ಹೊಟ್ಟೇಲಿ ಹೋಗ್ತೀರಾ? ಸ್ವಲ್ಪನಾದ್ರೂ ತಿನ್ನಲೇಬೇಕು."

"ನೀ ಇಷ್ಟೊಂದ್ ಅಂದ್ಮೇಲೆ, ಒಸಿ ಉಣ್ತೀನಿ ಬುಡವ್ವಾ" ಅಂತ ಅತ್ತೆ ಎದ್ದರು.

ಒಸಿ ಅಂದರೆ ಎಷ್ಟು ಅಂತ ನಿಮಗೆ ಹೇಳುವುದಿಲ್ಲ, ನಮ್ಮ ಮನೆಯ ಮಾನದ ಪ್ರಶ್ನೆ. ಹುಡುಗಿಯೇ ಬಡಿಸಿದಳು. ಇಡ್ಲಿ ಆಯಿತು, ಮೊಸರನ್ನ ಆಯಿತು, ಅತ್ತೆಯ ಕೈ ನಡುಕ ನಿಂತಿತು, ಬೆವರು ಆರಿತು. ಅಷ್ಟಾದ ಮೇಲೆ ಅವರು ಆ ಸಾಲು ದೀಪ, ನೆಲಗಂಬಳಿ ಎಲ್ಲವನ್ನೂ ಮೊದಲ ಸಲ ನೆಮ್ಮದಿಯಾಗಿ ಕಣ್ಣಾಡಿಸಿ ನೋಡಿ, "ಒಳ್ಳೆ ಜನ ಕಣಮ್ಮಿ" ಅಂದರು. ಹೊರಡುವಾಗ ಕೌಂಟರಿನ ಮುಂದೆ ನಿಂತು, "ನಮ್ ಹಾರೋಳ್ಳಿ ಕಡೀಕ್ ಬಂದ್ರೆ ಮನೇಗ್ ಬಾರವ್ವಾ, ಉಂಡೇ ಹೋಗ್ಬೇಕು" ಎಂದು ಹುಡುಗಿಯ ಗಲ್ಲ ಮುಟ್ಟಿದರು. ಅವಳು "ಬರ್ತೀನಿ ಅಜ್ಜಿ" ಅಂದಳು. ಮೊದಲ ಕರೆಗೇ ಒಪ್ಪಿಕೊಂಡಳಲ್ಲ, ಇನ್ನೂ ಚಿಕ್ಕವಳು.

ವಿಮಾನ ಮೇಲೇರಿದ ಮೇಲೆ ಗಗನಸಖಿ ತಟ್ಟೆ ಹಿಡಿದು ನಮ್ಮ ಸೀಟಿನ ಬಳಿ ಬಂದು ಹಿಂದಿಯಲ್ಲಿ ಏನೋ ಕೇಳಿದಳು. ಅತ್ತೆಗೆ ಭಾಷೆ ಬೇಕಾಗಲಿಲ್ಲ, ತಟ್ಟೆ ನೋಡಿಯೇ ತಿಳಿಯಿತು.

"ಇದೀಗ ನಿಮ್ಮನೇಲೇ ಉಂಡ್ಕಂಡ್ ಬಂದೆ ಕಣವ್ವಾ. ನೀನು ಉಂಡ್ಯಾ?"

ಅವಳು ನನ್ನ ಮುಖ ನೋಡಿದಳು. ಅತ್ತೆ ಕೇಳಿದ್ದನ್ನು ಹಿಂದಿಯಲ್ಲಿ ಹೇಳಿದೆ. ಇನ್ನೂ ಇಲ್ಲ, ಎಲ್ಲರದೂ ಆದ ಮೇಲೆ ಅಂದಳು.

ಅದನ್ನು ಕನ್ನಡಕ್ಕೆ ತಂದಾಗ ಅತ್ತೆ ತೃಪ್ತಿಯಿಂದ ತಲೆದೂಗಿದರು. "ಮನೆಯೋಳಲ್ವಾ ಮತ್ತೆ" ಅಂದು, ಕಾಲು ಉದ್ದಕ್ಕೆ ಚಾಚಿ ನಿದ್ದೆಹೋದರು.