ಕತ್ತರಿ ಗೀರಿನ ಗೋಲಿ

ಲಾರಿ ರಿಪೇರಿ ಶೆಡ್ಡಿನ ಫಿಟ್ಟರನನ್ನು ಎಲ್ಲರೂ ಗುಂಡಣ್ಣ ಎಂದೇ ಕರೆಯುವುದು. ಆಳು ನೋಡಿದರೆ ಕಡ್ಡಿ. ಹೆಸರು ಬಂದದ್ದು ಉಕ್ಕಿನ ಗುಂಡುಗಳಿಂದ. ಸವೆದ ಬೇರಿಂಗ್ ಬಿಚ್ಚಿದಾಗಲೆಲ್ಲ ಒಳಗಿನ ಗುಂಡುಗಳಲ್ಲಿ ಕಲೆಯಿಲ್ಲದ ಒಂದನ್ನು ಆರಿಸಿ, ಸೀಮೆಎಣ್ಣೆಯಲ್ಲಿ ತೊಳೆದು ಜೇಬಿಗೆ ಹಾಕುತ್ತಿದ್ದ. ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು. ಮನೆಯ ಮುಂದಿನ ಕೋಣೆಯಲ್ಲಿ ಹಲಗೆಗಳಿಗೆ ಕುಳಿ ಕೊರೆದು, ಸಾಸಿವೆ ಗಾತ್ರದಿಂದ ನಿಂಬೆ ಗಾತ್ರದವರೆಗೆ ಸಾಲಾಗಿ ಕೂರಿಸಿದ್ದ. ಗಾಜಿನ ಗೋಲಿ ಕೂಡಿಸುವವರು ಊರಲ್ಲಿ ಹತ್ತಾರು ಮಂದಿ. ಲೋಹದ ಗೋಲಿ ಅಂದರೆ ಗುಂಡಣ್ಣ ಒಬ್ಬನೇ. ಯಾರಾದರೂ ಹಾಗೆಂದರೆ ಅವನು ಅವತ್ತು ನಾಲ್ಕು ತುತ್ತು ಹೆಚ್ಚು ಉಣ್ಣುತ್ತಿದ್ದ, ಅಷ್ಟೇ.

ಅಂಥವನ ಹೊಟ್ಟೆಗೆ ಕೆಂಡ ಸುರಿದವನು ಅವನ ಹೆಂಡತಿಯ ತಮ್ಮ, ಪಕ್ಕದ ಬೀದಿಯ ದರ್ಜಿ. ಹಳೆಯ ಹೊಲಿಗೆ ಯಂತ್ರವೊಂದರ ಡ್ರಾಯರಿನಲ್ಲಿ, ಗುಂಡಿ, ಬಾಬಿನ್ನುಗಳ ನಡುವೆ, ಅವನಿಗೆ ತುಕ್ಕು ಹಿಡಿದ ಒಂದು ಗೋಲಿ ಸಿಕ್ಕಿತ್ತು.

ಒಂದು ಭಾನುವಾರ ಡ್ರಾಯಿಂಗ್ ಮೇಷ್ಟ್ರು ಹಲಗೆ ನೋಡಲು ಬಂದರು. ಗೋಲಿ ಕೂಡಿಸುವವರಿಗೆಲ್ಲ ಅವರೇ ಹಿರಿಯರು, ಅವರ ಮಾತೇ ಕೊನೆ. "ಚೆನ್ನಾಗಿ ಜೋಡಿಸಿದ್ದೀರಿ" ಎಂದು ಎರಡು ಮಾತಿನಲ್ಲಿ ಮುಗಿಸಿದರು. ಆಗ ಅಲ್ಲೇ ಕೂತಿದ್ದ ದರ್ಜಿ ಅಂಗಿ ಜೇಬಿನಿಂದ ತನ್ನ ಗೋಲಿ ತೆಗೆದ. ಮೇಷ್ಟ್ರು ಭೂತಗನ್ನಡಿ ಹಿಡಿದವರು ಹಾಗೇ ಕುರ್ಚಿಯ ಮೇಲೆ ಕುಸಿದರು.

"ಅಯ್ಯೋ, ಇದು ಎಲ್ಲಿತ್ತಪ್ಪ! ತಗಡನ್ನ ಎಸಳೆಸಳಾಗಿ ಕತ್ತರಿಸಿ ಮಡಚಿ ಮಾಡಿದ್ದು. ಒಳಗೆ ಟೊಳ್ಳು. ಎಸಳು ಬಂದು ಕೂಡೋ ಕಡೆ, ಗುಣಾಕಾರದ ಗುರುತಿನ ಹಾಗೆ, ಈ ಕತ್ತರಿ ಗೀರು ನೋಡಿ. ಮಕ್ಕಳು ಆಡ್ಲಿ ಅಂತಲೇ ಮಾಡಿದ ಗೋಲಿ. ಈ ಗೀರೇ ಇದರ ಜೀವ."

"ನನ್ನವು?" ಎಂದ ಗುಂಡಣ್ಣ.

"ನಿಮ್ಮವು ಬೇರಿಂಗ್ ಗುಂಡು. ಚಕ್ರ ತಿರುಗ್ಲಿ ಅಂತ ಮಾಡಿದ್ದು. ಗೋಲಿ ಅನ್ನೋಕಾಗಲ್ಲ. ಬರೋ ಭಾನುವಾರ ಎಲ್ಲರನ್ನೂ ಇವನ ಅಂಗಡಿಗೆ ಕರ್ಕೊಂಡ್ ಬರ್ತೀನಿ, ಇದನ್ನ ನೋಡ್ಲಿ."

ಮೇಷ್ಟ್ರು ಹೋದ ಮೇಲೆ ಹೆಂಡತಿ ಸುಮ್ಮನಿರಲಿಲ್ಲ. "ನನ್ನ ತಮ್ಮನ ಕೈಗುಣ ನೋಡಿ. ನೀವು ಇಪ್ಪತ್ತೆಂಟು ವರ್ಷ ಹೆಕ್ಕಿದ್ರಿ. ಅವನು ಡ್ರಾಯರ್ ಎಳೆದ, ಅಷ್ಟೇ."

"ನೀರು ಕೊಡು" ಎಂದ ಗುಂಡಣ್ಣ.

ಮೂರು ದಿನ ಅವನ ಕಣ್ಣ ಮುಂದೆ ಅದೇ ಗೀರು. ನಟ್ಟು ತಿರುಗಿಸಿದರೂ ಅದೇ, ಹಲ್ಲುಜ್ಜಿದರೂ ಅದೇ. ನಾಲ್ಕನೆಯ ದಿನ ದರ್ಜಿಯೇ ಶೆಡ್ಡಿಗೆ ಬಂದ.

"ಭಾವ, ಇದರ ತುಕ್ಕು ತೆಗೆದುಕೊಡಿ. ನನಗೆ ಬಟ್ಟೆ ಬಿಟ್ರೆ ಬೇರೇನೂ ತಿಳಿಯಲ್ಲ. ಭಾನುವಾರ ನಾಲ್ಕು ಜನರ ಮುಂದೆ ಮಾನ ಉಳೀಬೇಕು."

ಸೀಮೆಎಣ್ಣೆಯಲ್ಲಿ ಅರ್ಧ ದಿನ ನೆನೆಸಿ ಬಟ್ಟೆಯಲ್ಲಿ ಒರೆಸಿದರೆ ಸಾಕಿತ್ತು. ಗುಂಡಣ್ಣನಿಗೆ ಅದು ಗೊತ್ತಿತ್ತು. ಆದರೆ ಊಟದ ಹೊತ್ತಿಗೆ ಅವನು ಸಾಣೆ ಚಕ್ರದ ಗುಂಡಿ ಒತ್ತಿದ.

ಬಾಗಿಲಲ್ಲಿ ಉಣ್ಣುತ್ತಿದ್ದ ವೆಲ್ಡರ್ ಕೂಗಿದ: "ಗುಂಡಣ್ಣ, ಊಟದ ಹೊತ್ತಲ್ಲೂ ಗುಂಡೇನಾ? ಅದನ್ನೇ ನುಂಗಿಬಿಡು, ಡಬ್ಬಿ ಹೊರೋ ಕೆಲಸ ತಪ್ಪುತ್ತೆ!"

ಗುಂಡಣ್ಣ ತಿರುಗಿ ನೋಡಲಿಲ್ಲ. ಗೀರನ್ನು ಒಂದು ಸಲ ಚಕ್ರಕ್ಕೆ ಮುಟ್ಟಿಸಿದರೆ ಏನಾದೀತು ಎಂದುಕೊಂಡ. ಮುಟ್ಟಿಸಿದ. ಬೆರಳಲ್ಲೇ ಹೊರಳಿಸುತ್ತ ಮತ್ತೆ ಮುಟ್ಟಿಸಿದ. ಬಟ್ಟೆ ಚಕ್ರಕ್ಕೆ ಹಿಡಿದು ಹೊಳಪು ತಂದ. ತುಕ್ಕೂ ಇಲ್ಲ, ಗೀರೂ ಇಲ್ಲ. ನೋಡಿದರೆ ತನ್ನ ಗುಂಡುಗಳಲ್ಲೊಂದು. ಎದೆ ತಣ್ಣಗಾಯಿತು. ಚಕ್ರ ನಿಲ್ಲುವಷ್ಟರಲ್ಲಿ ಆ ತಂಪೂ ಹೋಯಿತು.

ಸಂಜೆ ಅಂಗಡಿಗೆ ಹೋಗಿ ಗೋಲಿ ಕೊಟ್ಟಾಗ ದರ್ಜಿಯ ಮುಖ ಊರಗಲವಾಯಿತು.

"ಭಾವ! ನಿಮ್ಮ ಹಲಗೆ ಮೇಲಿರೋ ಹಾಗೇ ಹೊಳೀತಿದೆ! ಅಕ್ಕನ ಮದುವೆ ಆದಾಗಿನಿಂದ ಅವನ್ನ ನೋಡಿ ನನಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ನನ್ನ ಹತ್ರಾನೂ ಇಂಥದ್ದೊಂದು ಇದ್ದಿದ್ರೆ ಅಂತ."

ಗುಂಡಣ್ಣ ಸುಮ್ಮನೆ ಮನೆಗೆ ಹೋಗಬಹುದಿತ್ತು. ಆದರೆ ಭಾನುವಾರ ಮೇಷ್ಟ್ರು ಭೂತಗನ್ನಡಿ ಹಿಡಿದರೆ ಪೆಚ್ಚಾಗುವವನು ಈ ದರ್ಜಿಯೇ.

"ಗೀರು ಹೋಯ್ತು" ಎಂದ.

"ಯಾವ ಗೀರು?"

"ಮೇಷ್ಟ್ರು ಹೇಳಿದ್ದು. ನಾನೇ ಅಳಿಸಿದೆ. ಬೇಕೂಂತ."

ದರ್ಜಿ ಗೋಲಿಯನ್ನು ದೀಪಕ್ಕೆ ಹಿಡಿದು ಸುತ್ತಲೂ ಹುಡುಕಿದ. ಮುಖ ಸಣ್ಣದಾಯಿತು. "ಯಾಕೆ ಭಾವ?"

"ತಡೆಯೋಕಾಗಲಿಲ್ಲ. ಭಾನುವಾರ ನಾನೇ ಬಂದು ಮೇಷ್ಟ್ರಿಗೆ ಹೇಳ್ತೀನಿ."

ದರ್ಜಿ ಮೂಗು ಒರೆಸಿಕೊಂಡ. "ಏನೂ ಹೇಳೋಕೆ ಬರಬೇಡಿ. ನಾನೇ ಉಜ್ಜಿ ಹಾಳು ಮಾಡ್ದೆ ಅಂತೀನಿ. ಎಷ್ಟಂದ್ರೂ ಹೊಳೆಯೋದೇ ನನಗೆ ಇಷ್ಟ." ಹಾಗೆಂದವನು ಅರ್ಧ ಹೊಲಿದ ಅಂಗಿ ತೋಳನ್ನು ಎಳೆದುಕೊಂಡು ಯಂತ್ರ ತುಳಿಯತೊಡಗಿದ.

ಗುಂಡಣ್ಣ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಇದ್ದ. ಇಷ್ಟು ಸಲೀಸಾಗಿ ಬಿಟ್ಟುಕೊಡಲು ಇವನಿಗೆ ಬರುತ್ತದಲ್ಲ, ತನಗೆ ಈ ಜನ್ಮದಲ್ಲಿ ಬರಲಿಕ್ಕಿಲ್ಲ ಎನಿಸಿತು. ಹೊಟ್ಟೆ ಇನ್ನೊಂದು ಸಲ ಉರಿಯಿತು.