ಬಾರಿನ ಮೇಲಿನ ಕೋಣೆ

ಒಮಾನಿಗೆ ಬಂದ ಮೊದಲ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಎದುರಿಗೆ ಹುರಿದ ಅಂಜಲ್ ಮೀನಿನ ತಟ್ಟೆ, ಅದರ ಹಿಂದೆ ಬಿಳಿ ಮೀಸೆಯ ಒಂದು ದೊಡ್ಡ ನಗು.

"ಕನ್ನಡದವರು ಬಂದಿದ್ದಾರೆ ಅಂತ ಗೊತ್ತಾಯ್ತು. ಬಿಸಿ ಉಂಟು, ತಿನ್ನಿ ಮಾರಾಯ್ರೆ."

ನಂಜನಗೂಡಿನ ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬಂದದ್ದಿಲ್ಲ. ತಟ್ಟೆ ಹಿಡಿಯಲೂ ಆಗದೆ, ಬಾಗಿಲು ಹಾಕಲೂ ಆಗದೆ ನಿಂತೆ. ಅವರು ಸ್ಟ್ಯಾನಿ ಅಂಕಲ್. ಶಿರ್ವದ ಕಡೆಯವರು. ನಾನಿಳಿದ ಹೋಟೆಲಿನ ಕೆಳಗಿನ ಬಾರನ್ನು ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಳ್ಳುತ್ತಿರುವವರು.

ಹೌದು, ಬಾರು. ಸಹಮ್ ಎಂಬ ಕಡಲತೀರದ ಈ ಊರಿನಲ್ಲಿ ನನ್ನ ವಿಳಾಸ ಬಾರಿನ ಮೇಲಿನ ಎಂಟು ಕೋಣೆಗಳಲ್ಲಿ ಒಂದು. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ನನ್ನ ಕೆಲಸ. ಎರಡು ವಾರ ಇಲ್ಲಿರಿ, ಆಮೇಲೆ ಮನೆ ಎಂದಿತ್ತು ಕಂಪೆನಿ. ಎರಡು ವಾರ ಕಳೆದ ಮೇಲೆ ಕೇಳಿದರೆ "ಬುಕ್ರಾ" ಎಂದರು. ನಾಳೆ ಎಂದರ್ಥ. ಯಾವ ನಾಳೆ ಎಂದು ಕೇಳಬಾರದು. ನಾಲ್ಕು ತಿಂಗಳು ಹೀಗೇ ಹೋಯಿತು.

ಈ ನಾಲ್ಕು ತಿಂಗಳಲ್ಲಿ ನನ್ನನ್ನು ಹೆಚ್ಚು ಗೋಳುಹೊಯ್ದುಕೊಂಡದ್ದು ಸೆಖೆಯಲ್ಲ, ಸ್ಟ್ಯಾನಿ ಅಂಕಲ್ಲಿನ ಸ್ನೇಹ. ಕುಡಿಯದವನು ಎಂದರೂ ಬಿಡುವುದಿಲ್ಲ. ಕೆಲಸ ಮುಗಿಸಿ ಮೆಟ್ಟಿಲ ಹತ್ತಿರ ಬಂದರೆ ಸಾಕು, "ಒಬ್ರೇ ರೂಮಲ್ಲಿ ಕೂತು ಎಂತ ಮಾಡ್ತೀರಿ? ಲಿಂಬೆ ಶರಬತ್ತು ಕುಡಿಲಿಕ್ಕೆ ಆದ್ರೂ ಬನ್ನಿ" ಎಂದು ತೋಳು ಹಿಡಿದು ಒಳಗೆ ಎಳೆಯುತ್ತಿದ್ದರು. ಅಲ್ಲಿ ಕೂತವರಿಗೆಲ್ಲ "ನಮ್ಮ ಊರಿನವರು" ಎಂದು ಪರಿಚಯ. ಶಿರ್ವಕ್ಕೂ ನಂಜನಗೂಡಿಗೂ ಎಲ್ಲಿಂದೆಲ್ಲಿಯ ಸಂಬಂಧ? ಮೈಸೂರಿನ ಕಡೆ ಪಕ್ಕದ ಮನೆಯವರು ಕೂಡ ಹೊಸಬರನ್ನು ಆರು ತಿಂಗಳು ಕಿಟಕಿಯಿಂದ ನೋಡಿ, ಆಮೇಲೆ ಹಬ್ಬದ ಕುಂಕುಮಕ್ಕೆ ಕರೆಯುತ್ತಾರೆ. ಆ ಪದ್ಧತಿಯ ಬೆಲೆ ನನಗೆ ಇಲ್ಲಿ ಗೊತ್ತಾಯಿತು.

ಸ್ನೇಹವನ್ನಾದರೂ ಸಹಿಸಬಹುದಿತ್ತು. ಮನೆಯ ಚಿಂತೆ ಸಹಿಸುವಂಥದ್ದಾಗಿರಲಿಲ್ಲ. ಬಾಡಿಗೆ ಕರಾರು ಇಲ್ಲದೆ ಹೆಂಡತಿ, ಮಗಳಿಗೆ ವೀಸಾ ಇಲ್ಲ. ಹೆಂಡತಿ, ಮಗಳು ಇಲ್ಲದವನಿಗೆ ಇಲ್ಲಿ ಮನೆ ಇಲ್ಲ, ಏಕೆಂದರೆ ಓಣಿಗಳೆಲ್ಲ ಸಂಸಾರಸ್ಥರಿಗೆ ಮಾತ್ರ. ಇದನ್ನು ಸುಮನಳಿಗೆ ಫೋನಿನಲ್ಲಿ ಮೂರು ಸಲ ವಿವರಿಸಿದೆ.

"ಶಾಲೆ ಶುರುವಾಗೋದ್ರೊಳ್ಗೆ ಆಗ್ಲಿಲ್ಲ ಅಂದ್ರೆ ಈ ವರ್ಷ ನಾವು ಬರಲ್ಲ ಕಣ್ರೀ. ತನ್ವಿನ ವರ್ಷದ ಮಧ್ಯ ಕಿತ್ತು ತರಕ್ಕಾಗಲ್ಲ" ಎಂದಳು. ಅವಳು ಹೇಳಿದ್ದು ಸರಿಯೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಕೊನೆಗೆ ಖಲ್ಫಾನ್ ಎಂಬ ಹಿರಿಯರ ಮನೆಯೊಂದು ಖಾಲಿಯಿದೆ ಎಂದು ತಿಳಿಯಿತು. ಹೋದೆ. ನಮ್ಮಲ್ಲಾದರೆ ಮನೆ ನೋಡಲು ಹೋದವನು ಮೊದಲು ನೀರು ಬರುತ್ತದಾ ಎಂದು ಕೇಳುತ್ತಾನೆ. ಇಲ್ಲಿ ಚಾಪೆಯ ಮೇಲೆ ಕೂತು ಖರ್ಜೂರ ತಿನ್ನಬೇಕು, ಏಲಕ್ಕಿ ಹಾಕಿದ ಕಹಿ ಕಾಫಿ ಕುಡಿಯಬೇಕು. ಆಮೇಲೆ ಮನೆಯೊಡೆಯ "ಅಖ್ಬಾರ್?" ಎಂದು ಕೇಳುತ್ತಾನೆ. ಏನು ಸುದ್ದಿ ಎಂದು. ಬಂದವನು ತನ್ನ ಸಮಾಚಾರ ಹೇಳಬೇಕು. ಅದಾಗುವ ತನಕ ವ್ಯವಹಾರದ ಮಾತಿಲ್ಲ.

ಹೇಳಿದೆ. ಎಲ್ಲಿರುವುದು ಎಂದು ಅವರು ಹಿಂದಿಯಲ್ಲಿ ಕೇಳಿದಾಗ ಮಾತ್ರ ನಾಲಿಗೆ ತಡವರಿಸಿತು. ಈ ಊರಲ್ಲಿ ಆ ಹೋಟೆಲಿನ ಹೆಸರು ಹೇಳಿದರೆ ಮುಗಿಯಿತು. "ಒಬ್ಬ ಪರಿಚಯದವರ ಮನೆಯಲ್ಲಿ" ಎಂದೆ.

ಖಲ್ಫಾನ್ ಇನ್ನೊಂದು ಬಟ್ಟಲು ಕಾಫಿ ಸುರಿದು, "ಮನೆ ಬೇರೆಯವರಿಗೆ ಹೇಳಿಯಾಗಿದೆ" ಎಂದು ಮೆತ್ತಗೆ ಅಂದರು.

ನಮ್ಮ ತಂದೆ ಮಹಡಿಯ ಮನೆ ಬಾಡಿಗೆಗೆ ಕೊಡುವಾಗ ಬಂದವರನ್ನು ಯಾವ ಜನ, ಏನು ತಿನ್ನುತ್ತೀರಿ ಎಂದು ವಿಚಾರಿಸುತ್ತಿದ್ದರು. ಪಕ್ಕದಲ್ಲಿ ಕೂತು ಕೇಳುತ್ತಿದ್ದ ನನಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಆ ಪ್ರಶ್ನೆಯ ಈಚೆ ಬದಿಯಲ್ಲಿ ಕೂತದ್ದು ಇದೇ ಮೊದಲು.

ಸಂಜೆ ಲಿಂಬೆ ಶರಬತ್ತಿನ ಮುಂದೆ ಕೂತು ಸ್ಟ್ಯಾನಿ ಅಂಕಲ್ಲಿಗೆ ಎಲ್ಲ ಹೇಳಿದೆ, ಆ ಸುಳ್ಳನ್ನೂ ಸೇರಿಸಿ. ಅವರು ಗ್ಲಾಸು ಒರೆಸುತ್ತ, "ಖಲ್ಫಾನಾ? ಅವ ಎಷ್ಟೋ ವರ್ಷದಿಂದ ನಮ್ಮ ಕಿಚನ್ನಿಗೆ ಮೀನು ಕೊಡುವವ ಅಲ್ವಾ. ಹಿಂದಿನ ಬಾಗಿಲಿಗೆ ಬರ್ತಾನೆ, ಒಳಗೆ ಕಾಲಿಡುದಿಲ್ಲ. ನಿಮ್ಮನ್ನು ಬಾಲ್ಕನಿಯಲ್ಲಿ ಎಷ್ಟು ಸಲ ನೋಡಿರ್ಬೇಕು" ಎಂದರು. ನೆಲ ಬಿರಿದು ನುಂಗಬಾರದೇ ಎನಿಸಿತು.

ಮೂರನೆಯ ದಿನ ಖಲ್ಫಾನ್ ಅವರೇ ಕರೆಸಿದರು. ಮತ್ತೆ ಖರ್ಜೂರ, ಮತ್ತೆ ಕಾಫಿ. "ನೀನು ಸುಳ್ಳು ಹೇಳಿದೆ. ಸ್ಟ್ಯಾನಿ ಸುಳ್ಳು ಹೇಳುವುದಿಲ್ಲ. ಅವನೇ ನನ್ನ ಹತ್ತಿರ, ಈ ಮನುಷ್ಯ ಒಂದು ತೊಟ್ಟೂ ಮುಟ್ಟಿಲ್ಲ, ದಿನಾ ಮುಖ ಗಂಟು ಹಾಕಿಕೊಂಡು ಕೂತಿರುತ್ತಾನೆ, ಮಗಳು ಬರಬೇಕು ಅಂದ" ಎಂದು ಕರಾರಿನ ಕಾಗದ ಮುಂದಿಟ್ಟರು.

ಸುಮನಳಿಗೆ ಫೋನು ಮಾಡಿದೆ. ಅವಳು ಅತ್ತಳು, ನಾನೂ ಅತ್ತೆ. ವೀಸಾ ಬಂತು, ಟಿಕೆಟ್ಟೂ ಆಯಿತು. ಪೆಟ್ಟಿಗೆ ಕಟ್ಟಿ ಕೆಳಗಿಳಿದು, ಸ್ಟ್ಯಾನಿ ಅಂಕಲ್ಲನ್ನು ಕೇಳಿದೆ, ನಿಮ್ಮನ್ನು ಇಷ್ಟು ನಂಬುವ ಮನುಷ್ಯ ಇರುವಾಗ ನೀವು ಯಾಕೆ ಊರಲ್ಲಿರುವ ಆಂಟಿಯನ್ನು ಕರೆಸಿಕೊಳ್ಳಲಿಲ್ಲ ಎಂದು.

"ಕೇಳಿದ್ದೆ, ಅದೇ ಮನೆ. ನನ್ನ ಮಾತಿಗೆ ಬೆಲೆ ಉಂಟು. ಆದ್ರೆ ಬಾರಿನವನಿಗೆ ಫ್ಯಾಮಿಲಿ ಮನೆ ಯಾರು ಕೊಡ್ತಾರೆ?" ಎಂದರು. ಬೇಸರವಿಲ್ಲದೆ, ಮೀನಿನ ದರ ಹೇಳುವಂತೆ ಹೇಳಿದರು.

ತನ್ವಿ ಬಂದ ಮೇಲೆ ಮೊದಲ ಊಟಕ್ಕೆ ನೀವು ಬರಲೇಬೇಕು ಎಂದೆ.

"ಬೇಡ ಮಾರಾಯ್ರೆ. ನಾನು ನಿಮ್ಮ ಓಣಿಗೆ ಬಂದ್ರೆ ನಾಳೆ ನಾಲ್ಕು ಜನ ಮಾತಾಡ್ತಾರೆ. ಕಷ್ಟಪಟ್ಟು ಸಿಕ್ಕಿದ ಮನೆ, ಜೋಪಾನ ಮಾಡಿ."

ನಾನು ಒತ್ತಾಯಿಸಲಿಲ್ಲ. ಅವರು ಬೇಡ ಎಂದ ಕ್ಷಣದಲ್ಲಿ ನನಗೆ ಮೊದಲು ಆದದ್ದು ಸಮಾಧಾನ, ನಾಚಿಕೆ ಆಮೇಲೆ ಬಂತು. ಈಗ ಸಂಸಾರಸ್ಥರ ಓಣಿಯಲ್ಲಿ ನನ್ನದೂ ಒಂದು ಮನೆಯಿದೆ. ಅಕ್ಕಪಕ್ಕದವರು ಗೌರವದಿಂದ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಯಾರೂ ಬಾಗಿಲು ತಟ್ಟುವುದಿಲ್ಲ.