ಅವ್ವ ಬಾಯಿ ಬಿಡದ ಮಾತು

ಮೊನ್ನೆ ಕಟ್ಟೆಮಳಲವಾಡಿ ದಾರಿಯಲ್ಲಿ ಹೊಗೆಸೊಪ್ಪು ಬೇಯಿಸುವ ಯಾರದೋ ಬ್ಯಾರನ್ ಮನೆಯಿಂದ ಹೊಗೆಯ ವಾಸನೆ ಬಂತು. ಅವ್ವ ನೆನಪಾದಳು. ನನ್ನ ಮಗನ ಕೆಮ್ಮಿಗೆ ಈ ಹೊಗೆಯೇ ಕಾರಣವೆಂದು ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು...

ವರ್ಷ ತುಂಬುವ ಮೊದಲೇ ಮಗನ ಕಿವಿ ಸೋರತೊಡಗಿತ್ತು. ಆಮೇಲೆ ನ್ಯುಮೋನಿಯಾ. ಹುಣಸೂರಿನ ಆಸ್ಪತ್ರೆಯಿಂದ ವಾಸಿಯಾಗಿ ಬಂದವನು ತಿಂಗಳೊಳಗೆ ಮತ್ತೆ ಅಲ್ಲಿಗೇ. ಮನೆಯಲ್ಲಿ ಎಲ್ಲರಿಗೂ ಅನುಮಾನ. ಅತ್ತೆಗೆ ನನ್ನ ಎದೆಹಾಲಿನ ಮೇಲೆ, ನನಗೆ ಬೋರಿನ ನೀರಿನ ಮೇಲೆ.

ಕೊನೆಗೆ ಮೈಸೂರಿಗೆ ಕಳಿಸಿದರು. ಅಲ್ಲಿನ ಮಕ್ಕಳ ಡಾಕ್ಟರು ಅವನ ಗಂಟಲಿಗೆ ಟಾರ್ಚ್ ಹಿಡಿದು, "ಟಾನ್ಸಿಲ್ಲೇ ಕಾಣ್ತಿಲ್ಲವಲ್ಲ" ಎಂದರು. ನನ್ನತ್ತ ತಿರುಗಿದರು.

"ನಿಮ್ಮ ತವರು ಕಡೆ ಗಂಡುಮಕ್ಕಳು ಯಾರಾದ್ರೂ ಚಿಕ್ಕವರಿದ್ದಾಗಲೇ ತೀರ್ಕೊಂಡಿದ್ರಾ?"

"ಇಲ್ಲ ಸಾರ್. ನಾನೊಬ್ಬಳೇ ಮಗಳು."

ಪಕ್ಕದಲ್ಲಿದ್ದ ಅವ್ವ ಕೂಸಿನ ಟೋಪಿಯ ದಾರ ಬಿಚ್ಚುತ್ತ, ಕಟ್ಟುತ್ತ ಇದ್ದಳು. ತಲೆ ಎತ್ತಲಿಲ್ಲ.

ಹೊರಗೆ ಬಂದು ಗೊಣಗಿದಳು. "ಆ ಕೂಸ್ಗಳ ಇಚಾರ ಈವಯ್ಯಂಗ್ಯಾಕೆ?"

"ಯಾವ ಕೂಸುಗಳವ್ವ?"

ಅವ್ವ ಕೂಸನ್ನು ಎತ್ತಿಕೊಂಡು ಮುಂದೆ ನಡೆದಳು. ಆ ದಿನವೆಲ್ಲ ಅವಳ ಮುಖವನ್ನೇ ಗಮನಿಸಿದೆ. ಹೆತ್ತವಳೇ ನನ್ನಿಂದ ಏನನ್ನೋ ಮುಚ್ಚಿಟ್ಟಿದ್ದಾಳೆ ಅನ್ನಿಸಿತು. ಮರುದಿನ ಮಗನಿಗೆ ಉಸಿರಾಟ ಕಷ್ಟವಾಗಿ, ಅಲ್ಲೇ ಸೇರಿಸಿಕೊಂಡು ಆಕ್ಸಿಜನ್ ಹಾಕಿದಾಗ ಅವಳೇ ನನ್ನ ಕೈ ಹಿಡಿದಳು.

"ನಿನ್ಗಿಂತ ಮುಂಚೆ ಎಲ್ಡು ಗಂಡಿದ್ವು ಕಣವ್ವ. ಇಂಗೇ ಕಿವಿ ಸೋರದು, ಕೆಮ್ಮು, ಜ್ವರ... ಗಂಡ್ಕೂಸು ಉಳೀದೆ ಇರೋ ಮನೆ ಅಂತ ಗೊತ್ತಾಗಿದ್ರೆ ನಿನ್ನ ಯಾರ್ ಮಾಡ್ಕತಿದ್ರು, ಏಳು?"

ನಾನು ಏನೂ ಹೇಳುವ ಮೊದಲೇ ಎದ್ದು ಹೋಗಿ, ಮಗುವನ್ನು ನೋಡಲು ಬಂದಿದ್ದ ನಮ್ಮತ್ತೆಯ ಎದುರಿಗೇ, ಡಾಕ್ಟರಿಗೆ ಎಲ್ಲ ಹೇಳಿದಳು.

ರಕ್ತಪರೀಕ್ಷೆಯಲ್ಲಿ ತಿಳಿಯಿತು. ರೋಗ ತಡೆಯುವ ಪ್ರತಿಕಾಯಗಳು ಮಗನ ಮೈಯಲ್ಲಿ ತಯಾರಾಗುತ್ತಲೇ ಇರಲಿಲ್ಲ. ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವ ಕೊರತೆಯಂತೆ. ಹೊಗೆಯದೂ ಅಲ್ಲ, ನೀರಿನದೂ ಅಲ್ಲ. ತಿಂಗಳಿಗೊಮ್ಮೆ ಡ್ರಿಪ್ಪಿನಲ್ಲಿ ಪ್ರತಿಕಾಯ ಏರಿಸಬೇಕು, ಜ್ವರ ಬಂದರೆ ಕಾಯುತ್ತ ಕೂರಬಾರದು, ಡಾಕ್ಟರನ್ನು ಕೇಳದೆ ಯಾವ ಲಸಿಕೆಯನ್ನೂ ಹಾಕಿಸಬಾರದು ಎಂದರು.

ಅತ್ತೆ ಅವ್ವನೊಡನೆ ಮಾತು ಬಿಟ್ಟರು. ಆದರೂ ಅವ್ವ ಪ್ರತಿ ತಿಂಗಳೂ ತನ್ನೂರು ಗುರುಪುರದಿಂದ ಬಸ್ಸು ಹತ್ತಿ ಬಂದು, ಡ್ರಿಪ್ ಮುಗಿಯುವವರೆಗೆ ಬಾಟಲಿಯನ್ನೇ ನೋಡುತ್ತ ಕೂರುತ್ತಿದ್ದಳು. ಅದರಲ್ಲಿ ಔಷಧಿ ನಿಜವಾಗಿ ಇದೆಯೋ ಇಲ್ಲವೋ ಎಂಬ ಅನುಮಾನ ಅವಳಿಗೆ ಕೊನೆಯವರೆಗೂ ಹೋಗಲಿಲ್ಲ...

ಅಪ್ಪ ಮೊದಲೇ ಹೋಗಿದ್ದ. ಈಗ ಅವ್ವನೂ ಇಲ್ಲ. ಮಗ ಹೈಸ್ಕೂಲು ಸೇರಿದ್ದಾನೆ. ಹೋದ ವಾರ ಡ್ರಿಪ್ ಹಾಕಿಸಿಕೊಳ್ಳುತ್ತ, "ಆ ಇಬ್ರು ಮಾವಂದಿರ ಹೆಸರೇನಮ್ಮ?" ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಅವ್ವ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಗೊತ್ತಿದ್ದವರು ಇನ್ನು ಯಾರೂ ಉಳಿದಿಲ್ಲ.